ಬಚ್ಚಲು ಅಳೆಯದೆ ರ‍್ಯಾಂಪ್ ಕಟ್ಟಿಸಿದವಳ ಕಥೆ

ತುಳುವರ ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಶುಭ ಕೆಲಸ ಮಾಡದ ತಿಂಗಳು) ಮುಗಿದ ಮೇಲೆ ನಮ್ಮ ಕ್ವಾರ್ಟರ್ಸಿಗೆ ಹೊಸ ಬಾಡಿಗೆಯವರು ಬಂದರು. ಗಂಡ, ಹೆಂಡತಿ, ಐದನೇ ಕ್ಲಾಸಿನ ಮಗಳು. ಗಂಡ ವೀಲ್‌ಚೇರಿನಲ್ಲಿ. ಮನೆಯನ್ನು ವೀಲ್‌ಚೇರಿಗೆ ಹೊಂದಿಸುವ ಕೆಲಸ 2025ರ ಫೆಬ್ರವರಿಯಲ್ಲಿ ಶುರುವಾಗಿ, ಮುಗಿದು ಅವರು ಬರುವಾಗ ಆಗಸ್ಟ್ ಆಯಿತು, ನಾನು ಹದಿನೈದು ದಿನದ್ದು ಎಂದುಕೊಂಡಿದ್ದೆ. ಈ ಆರು ತಿಂಗಳಲ್ಲಿ ಒಂದು ರ‍್ಯಾಂಪ್ ಕಟ್ಟಿಸಿ ಒಡೆಸಿದ್ದೇನೆ, ಮೂರು ಜನ ಮೇಸ್ತ್ರಿಗಳ ಹತ್ತಿರ ಜಗಳ ಮಾಡಿದ್ದೇನೆ. ಬಾಡಿಗೆ ಮನೆ ಇರುವ ಯಾರಾದರೂ ಇದೇ ಕೆಲಸಕ್ಕೆ ಇಳಿಯುವುದಿದ್ದರೆ ಓದಲಿ ಅಂತ ಬರೆಯುತ್ತಿದ್ದೇನೆ.

ಊರು ಕಾಸರಗೋಡಿನ ಒಳಭಾಗದ ಒಂದು ಸಣ್ಣ ಪೇಟೆ. ಹೆಸರು ಬೇಡ. ಮಾರ್ಗದ ಬದಿಯಲ್ಲಿ ಅಪ್ಪ ಕಟ್ಟಿಸಿದ ಎರಡು ಕ್ವಾರ್ಟರ್ಸ್ ಉಂಟು, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮೇಲೆ ಸ್ಲ್ಯಾಬ್. ದೂರದವರಿಗೆ ಒಂದು ಮಾತು: ನಮ್ಮ ಕಡೆ ಬಾಡಿಗೆಯ ಸಾಲುಮನೆಗೆ ಕ್ವಾರ್ಟರ್ಸ್ ಎಂದೇ ಹೆಸರು, ಸರ್ಕಾರಿ ನೌಕರರಿಗೂ ಅದಕ್ಕೂ ಸಂಬಂಧ ಇಲ್ಲ.

ಮೊದಲು ಫೋನ್ ಮಾಡಿದ್ದು ಹೆಂಡತಿ. "ಅಕ್ಕಾ, ಮನೆ ಖಾಲಿ ಉಂಟಂತೆ. ಮೊದಲೇ ಹೇಳಿಬಿಡ್ತೇನೆ, ಇವರು ವೀಲ್‌ಚೇರಿನಲ್ಲಿ." ಅದಕ್ಕೆ ಮೊದಲು ಏಳು ಮನೆಯವರು ಆಗುವುದಿಲ್ಲ ಎಂದಿದ್ದರಂತೆ. ಒಬ್ಬರಿಗೆ ಟೈಲ್ಸಿನಲ್ಲಿ ಗೀರು ಬೀಳುವ ಹೆದರಿಕೆ. ಇನ್ನೊಬ್ಬರು, ಇಂಥವರನ್ನು ಆಮೇಲೆ ಬಿಡಿಸುವುದು ಕಷ್ಟ ಎಂದು ಅವರೆದುರೇ ಹೇಳಿದರಂತೆ. ಗಂಡ ಅಡಿಕೆ ಕೊಯ್ಯುವ ಕೆಲಸದವರು. ಎರಡು ವರ್ಷದ ಹಿಂದೆ ಮರದಿಂದ ಬಿದ್ದು ಬೆನ್ನುಹುರಿಗೆ ಏಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಸ್ವಂತ ಮನೆ ಉಂಟು, ಆದರೆ ಅದು ತೋಟದ ಒಳಗೆ. ಮಾರ್ಗದಿಂದ ನಲವತ್ತು ಮೆಟ್ಟಿಲು ಕೆಳಗೆ. ನಮ್ಮ ಊರಿನ ಮನೆಗಳೇ ಹಾಗಲ್ವಾ, ಒಂದೋ ಗುಡ್ಡದ ನೆತ್ತಿಯಲ್ಲಿ, ಇಲ್ಲವೇ ಕಣಿಯಲ್ಲಿ. ಎತ್ತಿ ಇಳಿಸಲು ನಾಲ್ಕು ಜನ ಬೇಕು. ಹಾಗಾಗಿ ಅವರು ಎರಡು ವರ್ಷದಲ್ಲಿ ಪೇಟೆ ನೋಡಿದ್ದು ಆಸ್ಪತ್ರೆಗೆ ಹೋಗುವಾಗ ಮಾತ್ರ.

ಬನ್ನಿ ಎಂದೆ. ಇಲ್ಲಿಯ ತನಕ ಎಲ್ಲ ಸರಿ. ಮುಂದೆ ಮಾಡಿದ್ದು ದಡ್ಡತನ.

ಅವರು ಮನೆ ನೋಡಲು ಬರುವ ಮೊದಲೇ ರ‍್ಯಾಂಪ್ ಕಟ್ಟಿಸಿ ಇಡೋಣ, ಬಂದಾಗ ಖುಷಿಯಾಗಲಿ ಎಂದು ನನಗೆ ಅನಿಸಿತು. ಸಿಟೌಟಿಗೆ, ಅಂದರೆ ಎದುರಿನ ಜಗಲಿಗೆ, ಮೂರು ಮೆಟ್ಟಿಲು, ಒಂದೊಂದು 6 ಇಂಚು. ಪರಿಚಯದ ಮೇಸ್ತ್ರಿಗೆ ಹೇಳಿದೆ. ಅವರು ನಾಲ್ಕು ದಿನದಲ್ಲಿ 8 ಅಡಿ ಉದ್ದದ ಚಂದದ ರ‍್ಯಾಂಪ್ ಕಟ್ಟಿ, ಮೇಲೆ ಸಿಮೆಂಟಿನ ನೀರು ಎಳೆದು ಕನ್ನಡಿಯ ಹಾಗೆ ನುಣ್ಣಗೆ ಮಾಡಿಕೊಟ್ಟರು. 11,000 ರೂಪಾಯಿ. ಅವರ ಮನಸ್ಸಿನಲ್ಲಿ ಇದ್ದದ್ದು ಸ್ಕೂಟರ್ ಹತ್ತಿಸುವ ರ‍್ಯಾಂಪ್. ಅವರದು ತಪ್ಪಲ್ಲ, ಈ ಊರಿನಲ್ಲಿ ಯಾರು ರ‍್ಯಾಂಪ್ ಕಟ್ಟಿಸಿದರೂ ಅದು ಸ್ಕೂಟರಿಗೇ.

ಇದು ನಾಚಿಕೆಯ ವಿಷಯ ಕೂಡ. 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. ನಡೆಯಲಾಗದ ಮಕ್ಕಳು ಎಷ್ಟು ಮನೆಗಳಲ್ಲಿ ಇದ್ದಾರೆಂದು ನಮಗೆಲ್ಲ ಗೊತ್ತು. ಆದರೂ ವೀಲ್‌ಚೇರ್ ಹೋಗುವ ಬಾಡಿಗೆ ಮನೆ ಒಂದು ತೋರಿಸಿ ಎಂದರೆ ನನಗೆ ಆಗ ತೋರಿಸಲು ಬರುತ್ತಿರಲಿಲ್ಲ.

ಮಾರ್ಚಿನಲ್ಲಿ ಒಂದು ಭಾನುವಾರ ಆಟೋದಲ್ಲಿ ಬಂದರು. ಹೆಂಡತಿ ಹಿಂದಿನಿಂದ ತಳ್ಳಿದರು. ಅರ್ಧಕ್ಕೆ ಚೇರ್ ನಿಂತಿತು. ಆಟೋದವರು ಕೈ ಕೊಟ್ಟ ಮೇಲೆ ಹತ್ತಿತು. ನಾನು ಒಳಗೆ ಕರೆದುಕೊಂಡು ಹೋಗಿ ರೂಮು, ಅಡುಗೆಮನೆ ಎಲ್ಲ ತೋರಿಸುತ್ತಿದ್ದೇನೆ, ಗಂಡ ಸೀದಾ ಬಚ್ಚಲಿನ ಬಾಗಿಲಿಗೆ ಹೋಗಿ ನಿಂತರು. ಬಾಗಿಲಿನ ತೆರಪು 24 ಇಂಚು. ಚೇರು, ಕೈಯಿಂದ ತಿರುಗಿಸುವ ರಿಂಗು ಸೇರಿ, 26 ಇಂಚು.

"ಅಕ್ಕಾ, ಮೆಟ್ಟಿಲು ಹತ್ತಿಸಲಿಕ್ಕೆ ಮಾರ್ಗದಲ್ಲಿ ಹೋಗುವವರನ್ನು ಕರೆಯಬಹುದು. ಬಚ್ಚಲಿಗೆ ಹೋಗಲಿಕ್ಕೆ ಯಾರನ್ನು ಕರೆಯುವುದು?"

ಕೋಪದಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದರು. ಹೋಗುವಾಗ ಇಳಿಸುವುದು ಹತ್ತಿಸುವುದಕ್ಕಿಂತ ಹೆದರಿಕೆಯಾಯಿತು. ಆ ನುಣ್ಣಗಿನ ಇಳಿಜಾರಿನಲ್ಲಿ ಹೆಂಡತಿಯ ಚಪ್ಪಲಿ ಜಾರಿತು. ಇನ್ನೊಂದು ಅಡಿ ಹೋಗಿದ್ದರೆ ಇಬ್ಬರೂ ಗೇಟಿಗೆ ಹೊಡೆಯುತ್ತಿದ್ದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿಂದ ಲೆಕ್ಕ ಕಲಿಯಲು ಶುರು ಮಾಡಿದೆ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರ ಸಚಿವಾಲಯದ 2021ರ ಮಾರ್ಗಸೂಚಿಯೊಂದು ಉಂಟು. ದಪ್ಪ ಪುಸ್ತಕ, ಇಂಗ್ಲಿಷಿನಲ್ಲಿ. ನಮಗೆ ಬೇಕಾದ್ದು ನಾಲ್ಕೈದು ಅಳತೆ ಅಷ್ಟೇ. ರ‍್ಯಾಂಪಿಗೆ 1ಕ್ಕೆ 12, ಅಂದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಇದನ್ನು ಹೀಗೆ ಹೇಳಿದರೆ ಯಾವ ಮೇಸ್ತ್ರಿಗೂ ಅರ್ಥವಾಗುತ್ತದೆ. ನನ್ನದು 18 ಇಂಚು ಎತ್ತರ, ಹಾಗಾದರೆ 18 ಅಡಿ ಬೇಕು. ನಾನು ಕೊಟ್ಟದ್ದು 8.

ಅಂಗಳ ಇರುವುದು 20 ಅಡಿ. ನೇರ ಕಟ್ಟಿದರೆ ಗೇಟಿನ ಹತ್ತಿರ ಚೇರ್ ತಿರುಗಿಸಲು ಜಾಗ ಇಲ್ಲ. ಕೊನೆಗೆ ಮನೆಯ ಗೋಡೆಗೆ ಒತ್ತಿ 10 ಅಡಿ, ಮೂಲೆಯಲ್ಲಿ 5 ಅಡಿ ಚೌಕದ ಸಮತಟ್ಟು, ಅಲ್ಲಿಂದ ಗೇಟಿನ ಕಡೆಗೆ 8 ಅಡಿ, ಹೀಗೆ ಮಡಚಿದೆವು. ಆ ಚೌಕವನ್ನು ಬಿಡಬೇಡಿ. ಮೇಸ್ತ್ರಿ "ಸುಮ್ನೆ ಜಾಗ ಹಾಳು" ಎನ್ನುತ್ತಾರೆ. ತಿರುವಿನಲ್ಲೂ ಇಳಿಜಾರು ಇದ್ದರೆ ಚೇರ್ ವಾಲುತ್ತದೆ.

ಮಾರ್ಗದ ಬದಿಯ ಜಾಗವಾದ್ದರಿಂದ ಮೊದಲೇ ಕೇಳಿಬಿಡೋಣ ಎಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಫಾರಂ ಮಲಯಾಳದಲ್ಲಿ. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು, ಮಲಯಾಳ ಮಾತಾಡುತ್ತೇನೆ, ಓದುವುದು ಬಸ್ಸಿನ ಬೋರ್ಡಿನಷ್ಟು. ಕನ್ನಡದ್ದು ಕೊಡಿ ಎಂದರೆ ಮುಗಿದಿದೆ ಎಂದರು. ಎರಡನೇ ಸಲ ಹೋದಾಗ ಓವರ್‌ಸಿಯರ್ ಸೈಟಿಗೆ ಹೋಗಿದ್ದರು. ಮೂರನೇ ಸಲ ಸ್ಕೆಚ್ ಬೇಕು ಎಂದರು. ನನ್ನ ತಂಗಿಯ ಮಗ ಪೆನ್ಸಿಲಿನಲ್ಲಿ ಬಿಡಿಸಿಕೊಟ್ಟ. ಕೊನೆಗೆ ಬಂದು ನೋಡಿ, ಮಾರ್ಗದ ಕಡೆಗೆ ಚಾಚುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೆಲಸ ಮಾಡಿಸಿ ಎಂದರು. ಇದರಲ್ಲೇ ಐದು ವಾರ ಹೋಯಿತು. ನೀವು ಹೋಗುವುದಾದರೆ ಮೊದಲ ದಿನವೇ ಸ್ಕೆಚ್, ತೆರಿಗೆ ರಶೀದಿ, ಮುಂಭಾಗದ ಫೋಟೋ ತೆಗೆದುಕೊಂಡು ಹೋಗಿ. ಕನ್ನಡದ ಫಾರಂ ಕೇಳುವುದನ್ನೂ ಬಿಡಬೇಡಿ. ಕೇಳುವವರು ಇಲ್ಲದಿದ್ದರೆ ಅದು ಯಾವತ್ತೂ ಮುಗಿದೇ ಇರುತ್ತದೆ.

ಸರ್ಕಾರದಿಂದ ಸಹಾಯ ಏನಾದರೂ ಸಿಗುತ್ತದಾ ಎಂದೂ ವಿಚಾರಿಸಿದೆ. ಮನೆ ಅವರ ಹೆಸರಿನಲ್ಲಿ ಇಲ್ಲವಲ್ಲ ಎಂದು ವಾಪಸ್ ಕಳಿಸಿದರು. ಕಾನೂನಿನ ಕಥೆಯೂ ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಟ್ಟಡದ ಬಗ್ಗೆ ಗಟ್ಟಿಯಾಗಿ ಹೇಳಿರುವುದು ಸಾರ್ವಜನಿಕರು ಬಂದುಹೋಗುವ ಕಟ್ಟಡಗಳಿಗೆ, ಅದು ಸರ್ಕಾರದ್ದಾಗಲಿ ಖಾಸಗಿಯಾಗಲಿ. ನನ್ನ ಎರಡು ಕೋಣೆಯ ಕ್ವಾರ್ಟರ್ಸಿಗೆ ರ‍್ಯಾಂಪ್ ಕಟ್ಟಲೇಬೇಕು ಎಂದು ಯಾರೂ ಹೇಳುವುದಿಲ್ಲ. ಏಳು ಮನೆಯವರು ಧೈರ್ಯವಾಗಿ ಇಲ್ಲ ಎಂದದ್ದು ಅದಕ್ಕೇ ಇರಬೇಕು.

ಎರಡನೇ ಸಲ ಕೆಲಸ ಶುರು ಮಾಡುವ ಮೊದಲು ಚೇರಿನಲ್ಲಿ ಕೂರುವ ಅವರನ್ನೇ ಕರೆಸಿದೆ. ಜೊತೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬಂದರು. ಕೇರಳದಲ್ಲಿ ಇದೊಂದು ಒಳ್ಳೆಯದು, ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹುಡುಕಿಕೊಂಡು ಬರುತ್ತಾರೆ. ಅವರು ಎಷ್ಟೋ ಬಚ್ಚಲು ನೋಡಿದವರು, ಎಂಜಿನಿಯರಿಗಿಂತ ಚೆನ್ನಾಗಿ ಹೇಳಿದರು. ಚಾಕ್ ಹಿಡಿದು ನೆಲದ ಮೇಲೆಯೇ ಗೆರೆ ಹಾಕಿದೆವು. ಚೇರ್ ಎಲ್ಲಿ ತಿರುಗುತ್ತದೆ, ಕಾಲಿನ ಪಟ್ಟಿ ಎಲ್ಲಿ ತಾಗುತ್ತದೆ, ಕೈ ಎಲ್ಲಿಯ ತನಕ ಹೋಗುತ್ತದೆ. ಇಡೀ ಮಧ್ಯಾಹ್ನ ಇದೇ. ಫೆಬ್ರವರಿಯಲ್ಲೇ ಈ ಒಂದು ಮಧ್ಯಾಹ್ನ ಕೊಟ್ಟಿದ್ದರೆ ನನ್ನ 11,000 ಉಳಿಯುತ್ತಿತ್ತು, ಒಡೆಸಿದ 3,500 ಕೂಡ.

ಬಚ್ಚಲಿನ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕೆಲಸ ಇರುವುದೇ ಅಲ್ಲಿ. ಹಳೆಯ ಕ್ವಾರ್ಟರ್ಸ್ ಆದ್ದರಿಂದ ಸ್ನಾನಕ್ಕೆ ಬೇರೆ, ಕಕ್ಕಸಿಗೆ ಬೇರೆ, ಪಕ್ಕಪಕ್ಕ ಎರಡು ಗೂಡು. ಒಂದೊಂದು 4 ಅಡಿಗೆ 5 ಅಡಿ. ಚೇರ್ ಪೂರ್ತಿ ತಿರುಗಲು 5 ಅಡಿ ಅಗಲದ ಜಾಗ ಬೇಕು. ನಡುವಿನ ಗೋಡೆ 4 ಇಂಚಿನದು, ಸ್ಲ್ಯಾಬಿನ ಭಾರ ಅದರ ಮೇಲೆ ಇಲ್ಲ ಎಂದು ಎಂಜಿನಿಯರ್ ನೋಡಿ ಹೇಳಿದ ಮೇಲೆ ಒಡೆಸಿದೆವು. ಕೇಳದೆ ಒಡೆಯಬೇಡಿ. ಬಾಗಿಲಿನ ತೆರಪನ್ನು 36 ಇಂಚು ಮಾಡಿಸಿದೆ. ಅಪ್ಪ ಲಿಂಟಲ್ ಅನ್ನು (ಬಾಗಿಲಿನ ಮೇಲೆ ಗೋಡೆಯ ಭಾರ ಹೊರುವ ಕಾಂಕ್ರೀಟಿನ ತೊಲೆ) ಸುತ್ತಲೂ ಒಂದೇ ಪಟ್ಟಿಯಾಗಿ ಹಾಕಿಸಿದ್ದರಿಂದ ಕಲ್ಲು ಕೊಯ್ದು ಅಗಲ ಮಾಡುವುದು ಸುಲಭವಾಯಿತು. ತುಂಡು ಲಿಂಟಲ್ ಇರುವ ಮನೆಯಾದರೆ ಖರ್ಚು ಇನ್ನೂ ಜಾಸ್ತಿ. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಾದರೆ ಮನುಷ್ಯ ಒಳಗೆ ಬಿದ್ದಾಗ ಅವರೇ ಅದಕ್ಕೆ ಅಡ್ಡ ಆಗುತ್ತಾರೆ. ನರ್ಸ್ ಹೇಳದೆ ಹೋಗಿದ್ದರೆ ನನಗೆ ಇದು ಹೊಳೆಯುತ್ತಲೇ ಇರಲಿಲ್ಲ.

ಕ್ಲೋಸೆಟ್ (ಕುಳಿತುಕೊಳ್ಳುವ ಕಮೋಡ್) ಕೂರಿಸುವ ದಿನ ದೊಡ್ಡ ರಗಳೆ. ಪ್ಲಂಬರ್ ಪೈಪ್ ಹತ್ತಿರ ಆಗುತ್ತದೆ ಎಂದು ಎದುರು ನಿಂತು ನೋಡುವವರ ಎಡ ಗೋಡೆಗೆ ಒತ್ತಿ ಗುರುತು ಹಾಕಿದ್ದರು. ಸುಮ್ಮನೆ ಇರಲಿ ಎಂದು ಅದರ ಫೋಟೋ ಕಳಿಸಿದೆ. ಎರಡೇ ನಿಮಿಷದಲ್ಲಿ ಹೆಂಡತಿಯ ಫೋನು. ಬಿದ್ದಾಗ ಅವರ ಬಲ ಭುಜಕ್ಕೂ ಪೆಟ್ಟಾಗಿತ್ತಂತೆ, ಎಡ ಕೈಯ ಬಲದ ಮೇಲೆ ಎಡಕ್ಕೇ ದಾಟುವುದಂತೆ. ಹಾಗಾದರೆ ಚೇರ್ ನಿಲ್ಲಲು ಕ್ಲೋಸೆಟಿನ ಎಡದಲ್ಲೋ ಬಲದಲ್ಲೋ ಖಾಲಿ ಇರಬೇಕು ಎಂದು ಲೆಕ್ಕ ಹಾಕಲು ನನಗೂ ಪ್ಲಂಬರಿಗೂ ತಲೆ ತಿರುಗಿತು. ಪ್ಲಂಬರ್ ಸ್ಟೂಲಿನಲ್ಲಿ ಕೂತು ಬಕೆಟಿನ ಮೇಲೆ ದಾಟಿ ನೋಡಿದರು. ಕೂತವರಿಗೆ ಬಲಗಡೆ ಬರುವ ಹಾಗೆ 3 ಅಡಿ ಖಾಲಿ ಬಿಟ್ಟು, ಇನ್ನೊಂದು ಬದಿ ಗೋಡೆಗೆ ಹಿಡಿಕೆ ಎಂದು ತೀರ್ಮಾನವಾಯಿತು. ಎತ್ತರವೂ ಮುಖ್ಯ. ಪುಸ್ತಕದಲ್ಲಿ 45ರಿಂದ 48 ಸೆಂಟಿಮೀಟರ್ ಎಂದಿದೆ. ಅಂಗಡಿಯಿಂದ ತಂದದ್ದು 40 ಇತ್ತು. ಅಡಿಗೆ ಕಾಂಕ್ರೀಟಿನ ಪೀಠ ಕೊಟ್ಟು ಅವರ ಚೇರಿನ ಸೀಟಿನ ಮಟ್ಟಕ್ಕೆ ತಂದೆವು.

ಹಿಡಿಕೆಯ ಕಥೆ ಕೇಳಿ. ಸ್ಟೀಲಿನ ಗಟ್ಟಿ ಹಿಡಿಕೆಗಳನ್ನು ಬಾಡಿಗೆಯವರೇ ಮಂಗಳೂರಿನಿಂದ ತರಿಸಿದ್ದರು, 4,200 ರೂಪಾಯಿ. ಕೆಲಸದವರು ಸಾಮಾನ್ಯ ಬುಶ್ (ಗೋಡೆಯ ತೂತಿನಲ್ಲಿ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ತುಂಡು) ಹಾಕಿ ಸ್ಕ್ರೂ ತಿರುಗಿಸಿದರು. ನೋಡಲು ಭದ್ರ. ನಾನು ಹಿಡಿದು ಜೋತು ಬಿದ್ದೆ, ಕೆಂಪು ಪುಡಿ ಸಮೇತ ಕೈಗೆ ಬಂತು. ಮುರಕಲ್ಲಿನಲ್ಲಿ ತೂತುಗಳು ಇರುತ್ತವಲ್ಲ, ಬುಶ್ ಹಿಡಿಯುವುದಿಲ್ಲ. ಆಮೇಲೆ ಗೋಡೆಯನ್ನು ಪೂರ್ತಿ ಕೊರೆದು ಉದ್ದ ಬೋಲ್ಟ್ ಹಾಕಿ, ಆಚೆ ಬದಿಯಿಂದ ಕಬ್ಬಿಣದ ಪ್ಲೇಟ್ ಕೊಟ್ಟು ಬಿಗಿದರು. ಹೊರಗಿನಿಂದ ನೋಡಲು ಚಂದ ಇಲ್ಲ, ಇರಲಿ. ಈ ಸಲ 80 ಕಿಲೋದ ಮೇಸ್ತ್ರಿ ಜೋತು ಬಿದ್ದರು, ಅಲುಗಾಡಲಿಲ್ಲ. ಮುರಕಲ್ಲಿನ ಮನೆಯವರು ಈ ಪ್ಯಾರಾ ಎರಡು ಸಲ ಓದಿ.

ಇಷ್ಟರಲ್ಲಿ ಮಳೆ. ಜೂನ್ ಒಂದಕ್ಕೆ ಬರುವ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂದುಬಿಟ್ಟಿತು. ಹೊಸ ರ‍್ಯಾಂಪಿನ ಕಾಂಕ್ರೀಟ್ ಹಾಕಿದ್ದು ಅದರ ಹಿಂದಿನ ದಿನ. ಟರ್ಪಾಲು ಕಟ್ಟಿ, ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹೋಗಿ ನೋಡಿ ಬಂದೆ. ಈ ಸಲ ನುಣ್ಣಗೆ ಮಾಡಲು ಬಿಟ್ಟಿರಲಿಲ್ಲ, ಹಸಿ ಇರುವಾಗಲೇ ಹಿಡಿಸೂಡಿಯಿಂದ (ಕಡ್ಡಿ ಪೊರಕೆಯಿಂದ) ಅಡ್ಡಕ್ಕೆ ಗೀರಿಸಿದ್ದೆ. ಮೇಸ್ತ್ರಿಗೆ ತುಂಬಾ ಬೇಸರ, ನನ್ನ ಕೆಲಸಕ್ಕೆ ಕೆಟ್ಟ ಹೆಸರು ಬರುತ್ತದೆ ಎಂದರು. ಎರಡು ಬದಿಗೆ ಚಕ್ರ ಹೊರಗೆ ಹೋಗದ ಹಾಗೆ 3 ಇಂಚಿನ ದಂಡೆ, ಸ್ಟೀಲ್ ರೇಲಿಂಗ್. ಆದರೂ ಜುಲೈಗೆ ಹಾವಸೆ (ಪಾಚಿ) ಬಂತು. ನಮ್ಮಲ್ಲಿ ಹಾವಸೆ ಬಾರದ ಜಾಗ ಯಾವುದು! ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವುದು ಯಾರು ಎಂದು ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಅದು ನನ್ನ ಪಾಲಿಗೆ ಬಂದಿದೆ. ಮುಂದಿನ ವರ್ಷ ಮೇಲೆ ಶೀಟ್ ಹಾಕಿಸಬೇಕು.

ಹೊಸ್ತಿಲಿನ ವಿಷಯದಲ್ಲಿ ಅಮ್ಮನ ತಕರಾರು. ಒಳಗಿನ ಬಾಗಿಲುಗಳ ಹೊಸ್ತಿಲು ತೆಗೆದದ್ದಕ್ಕೆ ಏನೂ ಹೇಳಲಿಲ್ಲ. ಎದುರಿನ ಬಾಗಿಲಿನದಕ್ಕೆ ಕೈ ಹಾಕಿದಾಗ ಮಾತ್ರ, "ಹೊಸ್ತಿಲಿಲ್ಲದ ಮನೆ ಮನೆಯಾ? ಎರಡು ಹೊತ್ತು ದೀಪ ಎಲ್ಲಿ ಇಡುವುದು?" ಎಂದು ಕೂತರು. ಬಾಡಿಗೆಯವರು ಇಡಬೇಕಾದ ದೀಪಕ್ಕೆ ಇವರಿಗೇಕೆ ಚಿಂತೆ ಎಂದು ನನಗೆ ಸಿಟ್ಟು. ಆಚಾರಿಯೇ ದಾರಿ ತೋರಿಸಿದರು. 2 ಇಂಚಿನ ಹೊಸ್ತಿಲು ಹಾಗೇ ಇರಲಿ, ಒಳಗೂ ಹೊರಗೂ ಇಳಿಜಾರಾಗಿ ಹಲಸಿನ ಹಲಗೆ ಕೂರಿಸೋಣ ಎಂದರು. ಕೂರಿಸಿದರು. ಚೇರ್ ಸಲೀಸಾಗಿ ಹೋಗುತ್ತದೆ, ಬದಿಯಲ್ಲಿ ದೀಪಕ್ಕೂ ಜಾಗ ಉಂಟು.

ಅಡುಗೆಮನೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೆಂಡತಿ ಇದ್ದಾರಲ್ಲ ಎಂದು. "ಅವಳು ಟೈಲರಿಂಗ್ ಅಂಗಡಿಗೆ ಹೋದರೆ ಮಧ್ಯಾಹ್ನದ ಅನ್ನ ಸಾರು ನನ್ನದೇ" ಎಂದರು. ಸರಿ, 30 ಇಂಚು ಎತ್ತರದಲ್ಲಿ ಒಂದು ಕಡಪ ಕಲ್ಲು ಕೂರಿಸಿದೆವು, ಮೊಣಕಾಲು ಹೋಗಲು ಅಡಿ ಪೂರ್ತಿ ಖಾಲಿ. ಒಲೆಯಿಂದ ಸಿಂಕಿನ ತನಕ ಕಲ್ಲು ಎಲ್ಲೂ ತುಂಡಾಗಬಾರದು ಎಂದು ಅವರು ಹಟ ಹಿಡಿದರು. ಯಾಕೆಂದು ಕೇಳಿದೆ. ತುಂಡಾದರೆ ಬಿಸಿ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟು ಹೋಗಬೇಕು, ತೊಡೆಗೆ ಸ್ಪರ್ಶವೇ ಇಲ್ಲ, ಸುಟ್ಟರೆ ಗೊತ್ತಾಗುವುದು ಬೊಕ್ಕೆ ಬಂದ ಮೇಲೆ. ಒಂದು ಸಲ ಆಗಿತ್ತಂತೆ. ಸ್ವಿಚ್‌ಬೋರ್ಡುಗಳನ್ನೂ ಮೂರೂವರೆ ಅಡಿಗೆ ಇಳಿಸಿದೆವು.

ಇನ್ನು ದುಡ್ಡು. ಮೊದಲ ರ‍್ಯಾಂಪ್ ಕಟ್ಟಿ ಒಡೆದದ್ದು 14,500, ಎರಡನೆಯದು 44,000, ರೇಲಿಂಗ್ 19,000, ಬಚ್ಚಲು 68,000, ಬಾಗಿಲುಗಳು 15,500, ಅಡುಗೆಮನೆ 6,000, ವೈರಿಂಗ್ 3,200. ಒಟ್ಟು 1,70,200. ತಿಂಗಳ ಬಾಡಿಗೆ 7,000, ಅಂದರೆ ಹೆಚ್ಚುಕಡಿಮೆ ಎರಡು ವರ್ಷದ ಬಾಡಿಗೆ ಕೆಲಸಕ್ಕೇ ಹೋಯಿತು. ಬಾಡಿಗೆ ಜಾಸ್ತಿ ಮಾಡಲಿಲ್ಲ. ನನ್ನ ತಪ್ಪು ರ‍್ಯಾಂಪಿನ ದುಡ್ಡನ್ನು ಅವರಿಂದ ಕೇಳಲು ನನಗೆ ಮುಖ ಇರಲಿಲ್ಲ. ತೆರಿಗೆ ಕಟ್ಟುವವರಿಗೆ ಒಂದು ಮಾತು: ಬಾಡಿಗೆ ಆದಾಯದಲ್ಲಿ 30 ಶೇಕಡಾ ಹೇಗೂ ಕಳೆಯುತ್ತಾರೆ, ರಿಪೇರಿಗೆ ಅದಕ್ಕಿಂತ ಜಾಸ್ತಿ ಆದರೂ ಬೇರೆಯಾಗಿ ಕಳೆಯಲು ಬರುವುದಿಲ್ಲ. ಬಿಲ್ಲುಗಳನ್ನು ಇಟ್ಟುಕೊಂಡು ನಾನು ಸುಮ್ನೆ ಆಸೆಪಟ್ಟೆ.

ಕರಾರುಪತ್ರದಲ್ಲಿ ಇನ್ನೊಂದು ಗುಂಡಿ ಇತ್ತು. ದಸ್ತಾವೇಜು ಬರೆಯುವವರು ಎಲ್ಲರಿಗೂ ಕೊಡುವ ಮಲಯಾಳದ ನಮೂನೆಯನ್ನೇ ಟೈಪ್ ಮಾಡಿಕೊಟ್ಟರು. ಬಾಡಿಗೆಯವರಿಗೂ ಅರ್ಥವಾಗಬೇಕಲ್ಲ ಎಂದು ಕನ್ನಡದಲ್ಲಿ ಓದಿಸಿ ಕೇಳಿದಾಗ ಗೊತ್ತಾಯಿತು, ಅದರಲ್ಲಿ "ಬಿಡುವಾಗ ಮನೆಯನ್ನು ಮೊದಲಿದ್ದ ಸ್ಥಿತಿಗೆ ತಂದುಕೊಡಬೇಕು" ಎಂಬ ಸಾಲು ಉಂಟು. ಅಂದರೆ ಹೋಗುವಾಗ ಅವರು ರ‍್ಯಾಂಪ್ ಒಡೆದು, ಬಚ್ಚಲಿಗೆ ಗೋಡೆ ಕಟ್ಟಿಕೊಟ್ಟು ಹೋಗಬೇಕು! ಆ ಸಾಲು ತೆಗೆಸಿದೆವು. ಗೋಡೆ, ರ‍್ಯಾಂಪ್, ಬಾಗಿಲು ನನ್ನದು, ಹಿಡಿಕೆಗಳು ಅವರದು, ಬೇಕಾದರೆ ಬಿಚ್ಚಿ ಕೊಂಡೊಯ್ಯಬಹುದು ಎಂದು ಬರೆಸಿದೆವು. 11 ತಿಂಗಳ ಬದಲು ಮೂರು ವರ್ಷಕ್ಕೆ ಮಾಡಿ ರಿಜಿಸ್ಟರ್ ಮಾಡಿಸಿದೆವು. ಒಂದು ವರ್ಷ ಮೀರಿದರೆ ರಿಜಿಸ್ಟರ್ ಆಗಲೇಬೇಕು. ಖರ್ಚು ಹಂಚಿಕೊಂಡೆವು. ಅಂದಹಾಗೆ, ಅಂಗವಿಕಲತೆಯ ಸರ್ಟಿಫಿಕೇಟ್, ಕಾರ್ಡ್ ಇವನ್ನೆಲ್ಲ ಬಾಡಿಗೆದಾರರಿಂದ ಕೇಳಬೇಡಿ. ಮನೆ ಕೊಡಲು ಅದು ಯಾತಕ್ಕೂ ಬೇಡ. ನನಗೆ ಕೇಳು ಎಂದು ಸಲಹೆ ಕೊಟ್ಟವರು ಇದ್ದರು.

ಜುಲೈ ನಡುವಿಗೆ ಮನೆ ತಯಾರು. ಅಷ್ಟರಲ್ಲಿ ಆಟಿ ಹಿಡಿಯಿತು. ಆಟಿಯಲ್ಲಿ ಮನೆ ಬದಲಿಸುವುದಾ ಎಂದು ಅವರ ತಾಯಿ. ನಾನೇನು ಹೇಳಲಿ, ನಮ್ಮ ಮನೆಯಲ್ಲೂ ಅದೇ ಮಾತು ಬರುತ್ತಿತ್ತು. ಇನ್ನೊಂದು ತಿಂಗಳು ಬೀಗ. ಆಗಸ್ಟಿನಲ್ಲಿ, ಸೋಣ ತಿಂಗಳ ಮೊದಲ ವಾರ, ಪಿಕಪ್‌ನಲ್ಲಿ ಸಾಮಾನು ಬಂತು. ಅವರು ಯಾರ ಕೈಯೂ ಇಲ್ಲದೆ ರ‍್ಯಾಂಪ್ ಹತ್ತಿದರು. ನಡುವಿನ ಚೌಕದಲ್ಲಿ ಒಂದು ನಿಮಿಷ ನಿಂತು ಉಸಿರು ತೆಗೆದುಕೊಂಡರು. ಒಳಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡರು. ಹೊರಗೆ ನಾವೆಲ್ಲ ಏನೂ ಆಗಿಲ್ಲ ಎಂಬ ಹಾಗೆ ಪಾತ್ರೆ ಎಣಿಸುತ್ತಾ ನಿಂತೆವು.

ಮರುದಿನ ಬೆಳಿಗ್ಗೆ ಫೋನ್. "ಅಕ್ಕಾ, ಎಲ್ಲ ಸರಿ ಉಂಟು. ಪೇಟೆಗೆ ಹೋಗೋಣ ಅಂತ ಹೊರಟೆ. ಗೇಟಿನ ಚಿಲಕ ಮೇಲೆ ಉಂಟು." ಐದು ಅಡಿ ಎತ್ತರದಲ್ಲಿ! ಆರು ತಿಂಗಳು ದಿನಾ ನಾನೇ ತೆರೆದು ಹಾಕಿದ ಚಿಲಕ. ವೆಲ್ಡಿಂಗಿನವರು ಸೋಮವಾರ ಬರುತ್ತೇನೆ ಎಂದಿದ್ದಾರೆ. ಅಲ್ಲಿಯ ತನಕ ಗೇಟಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದೇವೆ, ಅವರ ಕೈಗೆ ಸಿಗುವ ಎತ್ತರದಲ್ಲಿ.